ದೊರೆಯ ಆರು ಬೋಗಿ, ಅಪ್ಪನ ಟರ್ಪೆಂಟೈನು

ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಲು ಮಧ್ಯೆ ಕೂರುವವರಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಕೋರ್ಟಿನಲ್ಲಿ ದುಭಾಷಿಗಳಿಗೆ ಪ್ರಮಾಣ ಮಾಡಿಸುತ್ತಾರಂತೆ. ಮನೆಯ ದುಭಾಷಿಗಳಿಗೆ ಯಾರೂ ಮಾಡಿಸುವುದಿಲ್ಲ, ಅದೇ ತೊಂದರೆ.

ನಾನು ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಇದ್ದುಕೊಂಡು, ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಅಪ್ಪ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಪೇಂಟರ್ ಆಗಿದ್ದವರು. ಕೊಳೆ ಹಿಡಿದು ಬಂದ ಬೋಗಿಯನ್ನು ತೊಳೆದು, ಉಜ್ಜಿ, ಬಣ್ಣ ಹೊಡೆದು ಮದುವಣಗಿತ್ತಿಯಂತೆ ಕಳಿಸುವುದು ಅವರ ಕೆಲಸ. ಕೋವಿಡ್ ಗಲಾಟೆ ಮುಗಿದು ವಿಮಾನಗಳು ಸರಿಯಾಗಿ ಓಡಾಡತೊಡಗಿದ ಮೇಲೆ ನಾನೇ ಮೈಸೂರಿಗೆ ಹೋಗಿ, ಆರು ತಿಂಗಳಿಗೆಂದು ಅವರನ್ನು ಕರೆದುಕೊಂಡು ಬಂದೆ. ಆ ಆರು ತಿಂಗಳಲ್ಲಿ ನಾನು ಹೇಳಿದ ಸಣ್ಣಪುಟ್ಟ ಸುಳ್ಳುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಒಂದೆರಡನ್ನು ನೆನೆಸಿಕೊಂಡರೆ ಮಾತ್ರ ಇವತ್ತಿಗೂ ಮನಸ್ಸು ಚುರುಕ್ ಅನ್ನುತ್ತದೆ.

ಕೈಬರಹ

ಮೊದಲನೆಯದು ಏರ್‌ಪೋರ್ಟಿನಲ್ಲೇ ಆಯಿತು. ಇಮಿಗ್ರೇಷನ್ ಅಧಿಕಾರಿ ಅಪ್ಪನ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, ಪಕ್ಕದಲ್ಲಿ ಅವರು ವಾಪಸ್ ಹೋಗಬೇಕಾದ ತಾರೀಖನ್ನು ಪೆನ್ನಿನಲ್ಲಿ ಗೀಚಿದ. ಅಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ನಂಗೂ ರಿಟರ್ನ್ ಡೇಟ್ ಹಾಕಿದಾರೆ" ಎಂದರು, ಬಹಳ ಸಂತೋಷದಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವರ್ಕ್‌ಶಾಪಿನಿಂದ ರಿಪೇರಿಯಾಗಿ ಹೊರಡುವ ಪ್ರತಿಯೊಂದು ಬೋಗಿಯ ತುದಿಯಲ್ಲಿ, ಒಂದು ಮೂಲೆಗೆ, ಸ್ಟೆನ್ಸಿಲ್ ಇಟ್ಟು ವರ್ಕ್‌ಶಾಪಿನ ಗುರುತನ್ನೂ ಮತ್ತೆ ರಿಪೇರಿಗೆ ಬರಬೇಕಾದ ತಾರೀಖನ್ನೂ ಬರೆಯುತ್ತಾರೆ. ಅದೇ ರಿಟರ್ನ್ ಡೇಟು. ಸರ್ವೀಸಿನ ಕೊನೆಯ ವರ್ಷಗಳಲ್ಲಿ ಅದನ್ನು ಬರೆಯುವುದೇ ಅಪ್ಪನ ಕೆಲಸವಾಗಿತ್ತು. ನಾವು ಚಿಕ್ಕವರಿದ್ದಾಗ ರೈಲಿನಲ್ಲಿ ಎಲ್ಲಿಗೆ ಹೊರಟರೂ ಅವರು ಹತ್ತುವ ಮುಂಚೆ ಬೋಗಿಯ ತುದಿಗೆ ಹೋಗಿ ಡೇಟ್ ಓದಿ ಬರಬೇಕು. ಸೀಟಿ ಊದಲಿ, ಅಮ್ಮ ಕಿಟಕಿಯಿಂದ ಕಿರುಚಿಕೊಳ್ಳಲಿ, ಅವರಿಗೆ ಅವಸರವಿಲ್ಲ. ರಿಟರ್ನ್ ಡೇಟ್ ಇಲ್ಲದ ಬೋಗಿಗೆ ಹೇಳೋರು ಕೇಳೋರು ಯಾರೂ ಇಲ್ಲ ಎನ್ನುವುದು ಅವರ ಸಿದ್ಧಾಂತ.

"ಆದ್ರೆ ಇದೇನಮ್ಮ ಅಕ್ಷರ? ಏಳೋ ಒಂದೋ ಗೊತ್ತಾಗಲ್ಲ. ಇವ್ರಿಗೆ ಸ್ಟೆನ್ಸಿಲ್ ಕೊಟ್ಟಿಲ್ವಾ? ಕೇಳು."

ಅಧಿಕಾರಿ ತಲೆಯೆತ್ತಿ, ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದ. ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದೆ. ಅವನು ಬಾಯಿ ತುಂಬ ನಕ್ಕು ಅಪ್ಪನ ಕೈ ಕುಲುಕಿದ.

ಅಪ್ಪ ನನ್ನ ಕಡೆ ತಿರುಗಿ, "ನೋಡ್ದಾ? ತಪ್ಪು ತೋರಿಸಿದ್ರೆ ನಗ್ತಾ ಒಪ್ಕೋತಾರೆ. ಅದಕ್ಕೇ ಈ ದೇಶ ಮುಂದಿರೋದು" ಎಂದರು.

ಪೇಂಟರ್ ಗ್ರೇಡ್ ಒನ್

ಡುಲುತ್ ಪೇಟೆಯ ಮಧ್ಯದಲ್ಲೇ ಗೂಡ್ಸ್ ರೈಲಿನ ಹಳಿ ಇದೆ. ಗೇಟು ಬಿದ್ದರೆ ಊರಿನವರಿಗೆಲ್ಲ ಬೇಜಾರು, ಅಪ್ಪನಿಗೆ ಹಬ್ಬ. ಕಾರಿನಿಂದ ಇಳಿದು, ಹಳಿಯಿಂದ ಲೆಕ್ಕಾಚಾರದ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತು, ಹಾದುಹೋಗುವ ಒಂದೊಂದೇ ವ್ಯಾಗನ್ನನ್ನು ಮೇಲಿಂದ ಕೆಳಗೆ ನೋಡುವರು. ಇಲ್ಲಿನ ವ್ಯಾಗನ್ನುಗಳ ಮೈತುಂಬ ಯಾರ್ಯಾರೋ ಸ್ಪ್ರೇ ಪೇಂಟಿನಲ್ಲಿ ಆಳೆತ್ತರದ ಅಕ್ಷರ ಬಿಡಿಸಿರುತ್ತಾರೆ. ಅಪ್ಪ ಮೊದಲ ದಿನ ಅದನ್ನು ನೋಡಿ ದಂಗಾದರು.

"ಕೈ ಏನೋ ಚೆನ್ನಾಗಿದೆ. ಆದ್ರೆ ರಿಟರ್ನ್ ಡೇಟ್ ಒಂದು ಬಿಟ್ಟು ಬೇರೆ ಎಲ್ಲಾ ಬರ್ದಿದಾರಲ್ಲ!"

ಒಂದು ದಿನ ಹೀಗೆ ನೋಡುತ್ತಾ ನಿಂತವರು ಓಡಿ ಬಂದು ಕಾರಿನ ಗಾಜು ಬಡಿದರು. ನಲವತ್ಮೂರನೇ ವ್ಯಾಗನ್ನಿನ ಬಾಗಿಲಿನ ಚಿಲಕ ಬಿದ್ದಿಲ್ಲ, ತಕ್ಷಣ ಫೋನ್ ಮಾಡು ಎಂದರು. ಗೇಟಿನ ಕಂಬದ ಮೇಲೆ ತುರ್ತು ನಂಬರ್ ಬರೆದಿತ್ತು. ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತಿದ್ದರೂ ಅಪ್ಪ ಬಿಡಲಿಲ್ಲ. ಫೋನ್ ಎತ್ತಿದ ಹೆಂಗಸು ಎಲ್ಲ ಬರೆದುಕೊಂಡು, ಇದನ್ನು ನೋಡಿದವರು ಯಾರು ಎಂದು ಕೇಳಿದಳು.

"ಅಪ್ಪ, ನೀವು ಯಾರು ಅಂತ ಕೇಳ್ತಿದಾರೆ."

"ಪೇಂಟರ್ ಗ್ರೇಡ್ ಒನ್, ರಿಟೈರ್ಡ್ ಅಂತ ಹೇಳು."

ಹಾಗೆ ಹೇಳಿದರೆ ನಗುತ್ತಾಳೆ ಅನ್ನಿಸಿ ನಾನು ರೈಲ್ವೆ ಇನ್ಸ್‌ಪೆಕ್ಟರ್ ಎಂದುಬಿಟ್ಟೆ. ಅವಳು ಬಹಳ ಮರ್ಯಾದೆಯಿಂದ, ದಯವಿಟ್ಟು ಸಾಹೇಬರಿಗೆ ನಮ್ಮ ವಂದನೆ ತಿಳಿಸಿ ಎಂದಳು. ಅಪ್ಪನಿಗೆ ಹೇಳಿದೆ.

"ಪೇಂಟರ್‌ಗೆ ಸಾಹೇಬ್ರು ಅಂದ್ರಾ?" ಅವರಿಗೆ ನಂಬಲಾಗಲಿಲ್ಲ. "ನಮ್ ವರ್ಕ್‌ಶಾಪಲ್ಲಿ ಮೂವತ್ನಾಲ್ಕು ವರ್ಷದಲ್ಲಿ ಒಬ್ರೂ ಅಂದಿಲ್ಲ ಕಣಮ್ಮ."

ಮನೆಗೆ ಬಂದ ಮೇಲೆ ಅಂಗಿ ಬದಲಾಯಿಸದೆ ತುಂಬ ಹೊತ್ತು ಹಾಗೇ ಕೂತಿದ್ದರು.

ಟೇಲ್ ಲ್ಯಾಂಪು

ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಎಂಬತ್ತು ದಾಟಿದ ಒಬ್ಬ ಇಂಗ್ಲಿಷಿನವರಿದ್ದಾರೆ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅಮೆರಿಕದವಳನ್ನು ಮದುವೆಯಾಗಿ ಇಲ್ಲಿಗೆ ಬಂದು, ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದಾರೆ, ಮಗಳು ಷಾರ್ಲೆಟ್ ಎಂಬ ಊರಿನಲ್ಲಿ ಇದ್ದಾಳೆ. ಅಪ್ಪ ಅವರಿಗೆ ಮೊದಲ ದಿನವೇ ದೊರೆ ಎಂದು ಹೆಸರಿಟ್ಟರು. ವಾಕಿಂಗಿನಲ್ಲಿ ಪರಿಚಯವಾಗಿ, ಅಪ್ಪ ರೈಲ್ವೆಯವರು ಎಂದು ಗೊತ್ತಾಗಿದ್ದೇ ತಡ, ದೊರೆ ನಮ್ಮಿಬ್ಬರನ್ನೂ ತಮ್ಮ ಬೇಸ್‌ಮೆಂಟಿಗೆ ಕರೆದುಕೊಂಡು ಹೋದರು.

ಅಲ್ಲಿ ಮೂರು ಗೋಡೆಗೂ ತಾಗಿದಂತೆ ಮೇಜು. ಮೇಜಿನ ಮೇಲೆ ಇಂಗ್ಲೆಂಡಿನ ಒಂದು ಕಣಿವೆ, ಹೊಳೆ, ಬೆರಳಷ್ಟು ಎತ್ತರದ ಸ್ಟೇಷನ್ನು. ಪ್ಲಾಟ್‌ಫಾರಮ್ಮಿನಲ್ಲಿ ಗೇಣುದ್ದದ ಆರು ಬೋಗಿಗಳ ರೈಲು ನಿಂತಿತ್ತು. ಬೋಗಿಗಳ ಮೇಲೆ ಅಸಾಧ್ಯ ಕೊಳೆ.

ದೊರೆ ಆ ರೈಲ್ವೆಯ ಚರಿತ್ರೆ ಹೇಳಿದರು. ಅದು ಪಶ್ಚಿಮ ಸೀಮೆಯ ಒಂದು ಬಡ ಕಂಪನಿ. ಎಂಜಿನ್ ಎರವಲು, ಬೋಗಿಗಳೆಲ್ಲ ಬೇರೆ ಕಂಪನಿಗಳು ಬೇಡವೆಂದು ಮಾರಿದವು. ಅದರಲ್ಲಿ ಎರಡು ಆರು ಚಕ್ರದ ಹಳೇ ಕಾಲದವು, ಒಂದು ಹಾಲಿನ ಕ್ಯಾನು ಸಾಗಿಸುವ ಬೋಗಿ. ಆಮೇಲೆ ದೊಡ್ಡ ಕಂಪನಿಯೊಂದು ಅದನ್ನು ನುಂಗಿತು, ಕೊನೆಗೆ ಲಾಭವಿಲ್ಲವೆಂದು ಮುಚ್ಚಿತು. ಮುಚ್ಚುವ ಲೈನು ತಾನೇ ಎಂದು ಕೊನೆಯ ವರ್ಷ ಯಾರೂ ಬೋಗಿಗಳನ್ನು ತೊಳೆಯಲಿಲ್ಲ. ಕಡೆಯ ದಿನದ ರೈಲಿಗೆ ದೊರೆಯ ತಾತನೇ ಗಾರ್ಡು. ಗೋಡೆಯ ಮೇಲೆ ಆ ದಿನದ ಫೋಟೋ ಇತ್ತು: ಕೊಳಕು ಬೋಗಿಯ ಬಾಗಿಲಲ್ಲಿ ಬಾವುಟ ಹಿಡಿದು ನಿಂತ ಮೀಸೆಯ ಮನುಷ್ಯ. ಆ ಫೋಟೋ ನೋಡಿಕೊಂಡು, ಹೊಗೆ ಮಸಿ ಎಲ್ಲಿ, ಮಳೆ ನೀರು ಇಳಿದ ಗೆರೆ ಎಲ್ಲಿ ಎಂದು ಒಂದೊಂದು ಚುಕ್ಕೆಯನ್ನೂ ದೊರೆ ಸಣ್ಣ ಬ್ರಶ್ಶಿನಲ್ಲಿ ಬರೆದಿದ್ದರು. ನಾಲ್ಕು ಚಳಿಗಾಲ ಹಿಡಿಯಿತಂತೆ.

ಇಷ್ಟನ್ನು ಹೇಳಲು ಅವರಿಗೆ ಇಪ್ಪತ್ತು ನಿಮಿಷ ಬೇಕಾಯಿತು. ನಾನು ಅಪ್ಪನಿಗೆ, "ಸಣ್ಣ ಕಂಪನಿ ಇತ್ತಂತೆ, ದೊಡ್ಡದು ನುಂಗ್ತಂತೆ, ಮುಚ್ಚೋಯ್ತಂತೆ. ಅವರ ತಾತ ಗಾರ್ಡು" ಎಂದೆ.

"ಇಷ್ಟೊತ್ತು ಇಷ್ಟೇನಾ ಹೇಳಿದ್ದು?"

"ಹೂಂ."

ಕೊಳೆಯ ವಿಷಯ ಬಿಟ್ಟೆ. ಕೊಳೆಯನ್ನು ಯಾಕೆ ಬಣ್ಣದಲ್ಲಿ ಬರೆಯುತ್ತಾರೆ ಎಂದು ಅಪ್ಪನಿಗೆ ಅರ್ಥ ಮಾಡಿಸುವುದು ಯಾರಿಗೆ ಬೇಕು ಅನ್ನಿಸಿತು. ನನಗೆ ಹನ್ನೊಂದಕ್ಕೆ ಮೀಟಿಂಗ್ ಬೇರೆ ಇತ್ತು. ಇಡೀ ಕಥೆಯಲ್ಲಿ ದಾಟಿಸಲೇಬೇಕಾಗಿದ್ದ ಮಾತು ಅದೊಂದೇ ಆಗಿತ್ತು.

ಅಪ್ಪ ಬಗ್ಗಿ ರೈಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, ಕೊನೆಯ ಬೋಗಿಯ ಹಿಂಭಾಗಕ್ಕೆ ಬೆರಳು ತೋರಿಸಿ, "ಟೇಲ್ ಲ್ಯಾಂಪ್?" ಎಂದರು.

ದೊರೆಯ ಮುಖ ಅರಳಿತು. ಡ್ರಾಯರಿನಿಂದ ಒಂದು ಡಬ್ಬಿ ತೆಗೆದು, ಚಿಮುಟದಲ್ಲಿ ರಾಗಿ ಕಾಳಿನಷ್ಟು ಕೆಂಪು ದೀಪವನ್ನು ಎತ್ತಿ ಕೊನೆಯ ಬೋಗಿಗೆ ಸಿಕ್ಕಿಸಿದರು. ಬಂದವರನ್ನು ಪರೀಕ್ಷೆ ಮಾಡಲೆಂದೇ ಅದನ್ನು ತೆಗೆದಿಟ್ಟಿರುತ್ತಿದ್ದರಂತೆ. ಇಷ್ಟು ವರ್ಷಗಳಲ್ಲಿ ಪಾಸಾದವರು ಅಪ್ಪ ಒಬ್ಬರೇ. ಬೇರೆಯವರೆಲ್ಲ ಹೊಗೆ ಯಾಕೆ ಬರಲ್ಲ ಎಂದೇ ಕೇಳುವುದಂತೆ.

ಅರ್ಧ ದಿನ

ಮರುದಿನದಿಂದ ಅಪ್ಪ ಡ್ಯೂಟಿಗೆ ಹಾಜರ್. ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಅಂಗಿ, ಕೈಯಲ್ಲಿ ಊಟದ ಡಬ್ಬಿ. ವರ್ಕ್‌ಶಾಪಿನ ಗೇಟಿನಲ್ಲಿ ಹಾಜರಿಗೆ ಹಿತ್ತಾಳೆ ಟೋಕನ್ ತಗುಲಿಹಾಕುವ ಪದ್ಧತಿ ಇತ್ತು ಎಂದು ನನ್ನ ಮೂಲಕ ತಿಳಿದ ದೊರೆ, ಬೇಸ್‌ಮೆಂಟಿನ ಬಾಗಿಲಿಗೆ ಮೊಳೆ ಹೊಡೆದು, ಹಿತ್ತಾಳೆ ಬಿಲ್ಲೆಯೊಂದರ ಮೇಲೆ ಒಂದನೇ ನಂಬರ್ ಕೆತ್ತಿ ಕೊಟ್ಟರು.

ನನಗೆ ಮೊದಮೊದಲು ಆತಂಕ. ಅಪ್ಪನಿಗೆ ಇಂಗ್ಲಿಷ್ ಬಾರದು. ದೊರೆಗೆ ಕನ್ನಡ ಹಾಗಿರಲಿ, ಅಮೆರಿಕದ ಇಂಗ್ಲಿಷೇ ಅಷ್ಟಕ್ಕಷ್ಟೆ. ಒಂದು ದಿನ ಸದ್ದಿಲ್ಲದೆ ಇಣುಕಿ ನೋಡಿದೆ. ಇಬ್ಬರೂ ಒಂದು ಬೋಗಿಯನ್ನು ಬೋರಲು ಹಾಕಿಕೊಂಡು ಕೂತಿದ್ದರು.

"ವ್ಯಾಕ್ಯೂಮ್" ಎಂದರು ಅಪ್ಪ, ತಳದ ಬ್ರೇಕಿನ ಕೊಳವೆ ತೋರಿಸಿ.

"ವ್ಯಾಕ್ಯೂಮ್!" ಎಂದರು ದೊರೆ.

ಹತ್ತು ನಿಮಿಷ ಮೌನ.

"ಬಫರ್" ಎಂದರು ದೊರೆ, ಬೋಗಿಯ ತುದಿಯಲ್ಲಿ ಗುದ್ದು ತಡೆಯುವ ಬಿಲ್ಲೆ ಮುಟ್ಟಿ.

"ಆಲ್‌ರೈಟ್" ಎಂದರು ಅಪ್ಪ.

ಸಂಜೆ ಮನೆಗೆ ಬಂದ ಅಪ್ಪ, "ಇವತ್ತು ತುಂಬಾ ಮಾತಾಡ್ಬಿಟ್ವಿ, ಗಂಟಲೇ ಹಿಡ್ಕೊಂಡಿದೆ" ಎಂದರು.

ಇನ್ನೊಂದು ದಿನ ನಾನು ಚಪಾತಿ ಮಾಡುವುದು ತಡವಾಗಿ ಅಪ್ಪ ಹತ್ತೂ ಐದಕ್ಕೆ ಹೋದರು. ದೊರೆ ತಮಾಷೆಗೆಂದು ಟೋಕನ್ ತೆಗೆದು ಮೇಜಿನ ಮೇಲಿಟ್ಟು, ಗಡಿಯಾರ ತೋರಿಸಿ ತಲೆ ಅಲ್ಲಾಡಿಸಿದರಂತೆ. ಅಪ್ಪ ವಾದ ಮಾಡಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ತಡವಾದರೆ ಅರ್ಧ ದಿನ ಕಟ್, ಮಧ್ಯಾಹ್ನದ ಸೈರನ್ ಆಗುವವರೆಗೆ ಒಳಗೆ ಕಾಲಿಡುವ ಹಾಗಿಲ್ಲ, ಅದು ವರ್ಕ್‌ಶಾಪಿನ ರೂಲು. ದೊರೆ ಗಾಬರಿಯಾಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ನಮ್ಮ ಮನೆಗೆ ಬಂದು, ಅದು ಬರೀ ತಮಾಷೆ ಎಂದು ದಯವಿಟ್ಟು ನಿಮ್ಮ ತಂದೆಗೆ ಹೇಳಿ ಎಂದು ಗೋಗರೆದರು. ನಾನು ಹೋಗಿ ಹೇಳಿದೆ.

"ತಮಾಷೆನಾ?" ಅಪ್ಪ ಯೋಚಿಸಿದರು. "ಹಾಗಾದ್ರೆ ಕೂತಿದ್ದಕ್ಕೆ ಓವರ್‌ಟೈಮ್ ಬರ್ಕೊಳಕ್ಕೆ ಹೇಳು."

ಓವರ್‌ಹಾಲಿಂಗ್

ಅಪ್ಪ ಊರಿಗೆ ಹೊರಡಲು ಮೂರು ವಾರ ಇತ್ತು. ಷಾರ್ಲೆಟ್‌ನಲ್ಲಿ ಮುಂದಿನ ತಿಂಗಳು ಮಾದರಿ ರೈಲುಗಳ ಪ್ರದರ್ಶನವಿತ್ತು. ದೊರೆ ತಾತನ ರೈಲನ್ನು ಅಲ್ಲಿ ಇಡುವವರಿದ್ದರು. ಅಷ್ಟರಲ್ಲಿ ಮೊಣಕಾಲು ತೋರಿಸಲೆಂದು ಒಂದು ವಾರ ಮಗಳ ಮನೆಗೆ ಹೊರಟರು. ಹೊರಡುವ ದಿನ ಆರು ಬೋಗಿಗಳನ್ನು ಡಬ್ಬಿಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಎರಡು ಬೋಗಿಯ ಚಕ್ರ ಅಲುಗುತ್ತದೆ, ನಿಮ್ಮ ತಂದೆ ಚಕ್ರ ಮಾತ್ರ ನೋಡಲಿ ಎಂದರು. ಮಾತ್ರ ಎನ್ನುವುದನ್ನು ಎರಡು ಸಲ ಹೇಳಿದರು.

ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ. ಮ್ಯೂಟ್ ಮಾಡಿ, "ಅಪ್ಪ, ಬೋಗಿ ರಿಪೇರಿಗೆ ಬಂದಿದೆ, ನೋಡ್ಬೇಕಂತೆ" ಎಂದು ಕೂಗಿ ಅನ್‌ಮ್ಯೂಟ್ ಮಾಡಿದೆ.

ರಿಪೇರಿಗೆ ಬಂದ ಬೋಗಿಗೆ ವರ್ಕ್‌ಶಾಪಿನಲ್ಲಿ ಒಂದೇ ಅರ್ಥ: ತೊಳೆ, ಉಜ್ಜು, ಬಣ್ಣ ಹೊಡೆ. ಅಪ್ಪ ಗರಾಜಿನಲ್ಲಿ ಹಳೇ ಬೆಡ್‌ಶೀಟ್ ಹಾಸಿದರು. ನನ್ನನ್ನು ಅಂಗಡಿಗೆ ಕಳಿಸಿ ಟರ್ಪೆಂಟೈನು, ಉಪ್ಪುಕಾಗದ, ಎನಾಮೆಲ್ ಪೇಂಟು, ವಾರ್ನಿಷ್, ಎಲ್ಲಕ್ಕಿಂತ ಸಣ್ಣ ಬ್ರಶ್ಶು ತರಿಸಿದರು. ನಾನು ಖುಷಿಯಿಂದಲೇ ತಂದುಕೊಟ್ಟೆ. ಅಪ್ಪ ಟೈಮ್‌ಪಾಸ್ ಮಾಡಿಕೊಂಡಿದ್ದಾರಲ್ಲ ಎಂದುಕೊಂಡೆ. ದಿನವಿಡೀ ಬೇರೆಯವರ ತಪ್ಪು ಹುಡುಕುವವಳಿಗೆ ಟರ್ಪೆಂಟೈನ್ ಯಾಕೆ ಎಂದು ಒಂದು ಪ್ರಶ್ನೆ ಹೊಳೆಯಲಿಲ್ಲ. ಗರಾಜಿನಿಂದ ಅವರ ಗೊಣಗಾಟ ಕೇಳುತ್ತಿತ್ತು.

"ಎಷ್ಟು ವರ್ಷದ ಕೊಳೆನಪ್ಪ! ಉಜ್ಜಿದಷ್ಟೂ ಬರತ್ತೆ."

ದೊರೆ ವಾಪಸ್ ಬಂದ ದಿನ ನಾವಿಬ್ಬರೂ ಡಬ್ಬಿ ತೆಗೆದುಕೊಂಡು ಹೋದೆವು. ಅವರು ಮುಚ್ಚಳ ತೆಗೆದರು. ಆರೂ ಬೋಗಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅದೇ ಕಂದು, ಅದೇ ಕೆನೆ ಬಣ್ಣ, ಎಳ್ಳಷ್ಟೂ ಕೊಳೆಯಿಲ್ಲ. ಪ್ರತಿ ಬೋಗಿಯ ತುದಿಯ ಮೂಲೆಯಲ್ಲಿ, ಸಾಸಿವೆ ಗಾತ್ರದ ಬಿಳಿ ಕನ್ನಡ ಅಕ್ಷರದಲ್ಲಿ, 'ಡುಲುತ್' ಎಂದು ಬರೆದು, ಅದರ ಕೆಳಗೆ ಹದಿನೆಂಟು ತಿಂಗಳ ಮುಂದಿನ ರಿಟರ್ನ್ ಡೇಟ್ ಹಾಕಿತ್ತು.

ಅಪ್ಪ ಇನ್ಸ್‌ಪೆಕ್ಷನ್ನಿಗೆ ನಿಂತವರಂತೆ ಕೈ ಹಿಂದೆ ಕಟ್ಟಿ ನಿಂತಿದ್ದರು. ದೊರೆ ಬೋಗಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಗೋಡೆಯ ಫೋಟೋ ನೋಡಿದರು, ಡಬ್ಬಿ ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಅದೆಲ್ಲ ಎಲ್ಲಿ ಹೋಯಿತು ಎಂದು ನನ್ನನ್ನು ಕೇಳಿದರು.

"ಏನಂತೆ?" ಎಂದರು ಅಪ್ಪ.

"ತುಂಬಾ ಸಂತೋಷ ಆಗಿದೆಯಂತೆ ಅಪ್ಪ. ಮಾತೇ ಬರ್ತಿಲ್ಲವಂತೆ."

ದೊರೆಗೆ ಇಂಗ್ಲಿಷಿನಲ್ಲಿ, ನನ್ನ ತಂದೆಗೆ ಗೊತ್ತಿರಲಿಲ್ಲ, ತಪ್ಪು ನನ್ನದು ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ.

"ಆಲ್‌ರೈಟ್?" ಎಂದರು ಅಪ್ಪ, ಮುಖದ ತುಂಬ ನಗು ಇಟ್ಟುಕೊಂಡು.

ದೊರೆ ಅಪ್ಪನ ಮುಖವನ್ನೇ ನೋಡಿದರು. ಡಬ್ಬಿಯ ಮುಚ್ಚಳ ಹಾಕಿ, "ಆಲ್‌ರೈಟ್" ಎಂದರು.

ಹೊರಗೆ ಬರುತ್ತಾ ಅಪ್ಪ, "ಪಾಪ, ನಮ್ ಸೂಪರ್‌ವೈಸರ್ ಥರಾನೇ. ಇಷ್ಟ ಆದ್ರೆ ಬಾಯಿ ಬಿಡಲ್ಲ" ಎಂದರು.

ಮೆಣಸಿನ ಸಾರು

ಮರುದಿನ ಹತ್ತು ಗಂಟೆಗೆ ಅಪ್ಪ ಡಬ್ಬಿ ಹಿಡಿದು ಹೋದರು. ದೊರೆ ಬಾಗಿಲು ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ.

"ಯಾಕಂತೆ?"

ಜ್ವರವಂತೆ ಎಂದೆ. ಮತ್ತೇನು ಹೇಳಲಿ? ನೀವು ಅವರ ತಾತನ ಕಡೆಯ ದಿನವನ್ನು ಉಪ್ಪುಕಾಗದದಲ್ಲಿ ಉಜ್ಜಿದಿರಿ ಅನ್ನಲೇ?

ಜ್ವರ ಎಂದಮೇಲೆ ಅಪ್ಪ ಸುಮ್ಮನಿರುವವರಲ್ಲ. ತಾವೇ ಮೆಣಸು ಜೀರಿಗೆ ಕುಟ್ಟಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ನೆತ್ತಿಗೇರುವಂಥ ಸಾರು ಮಾಡಿ, ಫ್ಲಾಸ್ಕಿನಲ್ಲಿ ತುಂಬಿ ದೊರೆಯ ಹೊಸ್ತಿಲಲ್ಲಿಟ್ಟು, ಬೆಲ್ ಒತ್ತಿ ಬರುತ್ತಿದ್ದರು. ಹೀಗೆ ಐದು ದಿನ. ಕಲ್ಲುಗುಂಡಿನ ಹಾಗಿದ್ದ ಮನುಷ್ಯನಿಗೆ ಐದು ದಿನ ಮೆಣಸಿನ ಸಾರು. ಆರನೇ ದಿನ ತೊಳೆದ ಫ್ಲಾಸ್ಕು ನಮ್ಮ ಬಾಗಿಲಲ್ಲಿತ್ತು, ಒಳಗೆ ನನ್ನ ಹೆಸರಿಗೊಂದು ಚೀಟಿ. ಸಾರು ಚೆನ್ನಾಗಿತ್ತು, ಇನ್ನು ಸಾಕು, ನಿಮ್ಮ ತಂದೆಗೆ ಬೋಗಿಗಳ ವಿಷಯ ದಯವಿಟ್ಟು ಹೇಳಬೇಡಿ ಎಂದು ಬರೆದಿತ್ತು.

"ಏನ್ ಬರ್ದಿದಾರೆ?"

"ಸಾರು ಚೆನ್ನಾಗಿತ್ತಂತೆ."

ಅಪ್ಪ ಆರನೇ ದಿನಕ್ಕೆ ಒಂದು ಹಿಡಿ ಮೆಣಸು ಜಾಸ್ತಿಯೇ ಹಾಕಿ ಕೊಟ್ಟು ಬಂದರು.

ಪಾಸ್‌ಪೋರ್ಟಿನ ಡೇಟಿಗೆ ಸರಿಯಾಗಿ ಅಪ್ಪ ಹೊರಟರು. ದೊರೆ ಬಾಗಿಲಿಗೆ ಬಂದು ಕೈ ಕೊಟ್ಟರು. ಇಬ್ಬರೂ ಆಲ್‌ರೈಟ್ ಆಲ್‌ರೈಟ್ ಎಂದರು. ಬೇಸ್‌ಮೆಂಟಿಗೆ ಕರೆಯಲಿಲ್ಲ. ಕಡೆಯ ಎರಡು ವಾರ ಆ ಇಬ್ಬರೂ ಕೂತು ವ್ಯಾಕ್ಯೂಮ್ ಬಫರ್ ಅನ್ನಬಹುದಾಗಿತ್ತು. ನನ್ನ ಬಾಯಿಂದ ಅದು ತಪ್ಪಿಹೋಯಿತು.

ರಿಟರ್ನ್ ಡೇಟು

ಮೈಸೂರಿನಲ್ಲಿ ನನ್ನ ಅಣ್ಣನ ಮನೆಗೆ ಹೋದ ಮೇಲೆ ಅಪ್ಪನ ಬಲಗೈ ನಡುಗತೊಡಗಿತು. ಇನ್ನು ಅಷ್ಟು ದೂರದ ಪ್ರಯಾಣ ಬೇಡ ಎಂದು ಡಾಕ್ಟರ್ ಹೇಳಿದರು. ಪ್ರತಿ ವಾರ ಫೋನಿನಲ್ಲಿ ಅವರು ಕೇಳುತ್ತಿದ್ದದ್ದು ಒಂದೇ: "ಬೋಗಿ ಓಡ್ತಾ ಇದ್ಯಾ?"

"ದಿನಾ ಓಡ್ತಿದೆ ಅಪ್ಪ."

ಓಡುತ್ತಿದೆಯೋ ಇಲ್ಲವೋ ನನಗೇನು ಗೊತ್ತು? ದೊರೆ ಕಂಡರೆ ನಾನೇ ಆ ಕಡೆ ಫುಟ್‌ಪಾತಿಗೆ ಹೋಗುತ್ತಿದ್ದೆ.

ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬೆಲ್ ಆಯಿತು. ದೊರೆ ಟೈ ಕಟ್ಟಿಕೊಂಡು, ಅದೇ ಡಬ್ಬಿ ಹಿಡಿದು ನಿಂತಿದ್ದರು.

"ಇವತ್ತು ಡೇಟು" ಎಂದರು. "ಪೇಂಟರ್ ಎಲ್ಲಿ?"

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಹದಿನೆಂಟು ತಿಂಗಳು ತುಂಬಿತ್ತು. ಆ ಅಕ್ಷರಗಳು ಅಪ್ಪನ ಸಹಿ, ಕೆಳಗಿನ ಅಂಕಿಗಳು ಯಾವುದೋ ನಂಬರು ಎಂದು ದೊರೆ ಅಂದುಕೊಂಡಿದ್ದರಂತೆ. ಆ ವರ್ಷದ ಪ್ರದರ್ಶನಕ್ಕೆ ಹೋಗಲೇ ಇಲ್ಲ. ಈ ವರ್ಷ ಹೋಗಿ, ಬೇರೇನೂ ಇಲ್ಲವೆಂದು ಇವನ್ನೇ ಇಟ್ಟಾಗ, ಷಾರ್ಲೆಟ್‌ನ ಒಬ್ಬ ಕನ್ನಡದ ಹೆಂಗಸು ಬಗ್ಗಿ ನೋಡಿ, ಇದು ನಮ್ಮ ಭಾಷೆ ಎಂದು ಓದಿ ಹೇಳಿದಳಂತೆ. ಅವಳ ಮಾವನೂ ರೈಲ್ವೆಯವರಂತೆ. ಈ ತಾರೀಖಿಗೆ ಬೋಗಿ ಡುಲುತ್‌ಗೆ ವಾಪಸ್ ಬರಬೇಕು ಎಂದಳಂತೆ.

"ನನ್ನ ತಾತನ ಬೋಗಿಗಳನ್ನು ವಾಪಸ್ ಬನ್ನಿ ಎಂದು ಯಾರೂ ಕರೆದಿರಲಿಲ್ಲ" ಎಂದರು ದೊರೆ.

ಅಪ್ಪ ಬರಲಾರರು ಎಂದು ಹೇಳಿ, ಮೈಸೂರಿಗೆ ವಿಡಿಯೋ ಕಾಲ್ ಹಾಕಿದೆ. ಅಲ್ಲಿ ಸಂಜೆ. ಅಪ್ಪ ಕನ್ನಡಕ ಹಾಕಿಕೊಂಡು ಕೂತರು. ದೊರೆ ಒಂದೊಂದೇ ಬೋಗಿಯನ್ನು ಕ್ಯಾಮೆರಾಕ್ಕೆ ಹಿಡಿದು, ಪಕ್ಕ, ತಳ, ತುದಿ ಎಲ್ಲ ತೋರಿಸಿದರು. ಅಪ್ಪನ ಮುಖ ಗಂಟಾಗುತ್ತಾ ಹೋಯಿತು.

"ಇದು ಓಡೇ ಇಲ್ಲ" ಎಂದರು.

"ಅಂದ್ರೆ?"

"ಹದಿನೆಂಟು ತಿಂಗ್ಳಲ್ಲಿ ಒಂದು ಚೂರು ಕೊಳೆ ಇಲ್ವಲ್ಲಮ್ಮ. ಗಾಡಿ ಓಡಿದ್ರೆ ಕೊಳೆ ಆಗತ್ತೆ. ನಾನು ಹೊಡ್ದಿದ್ ವಾರ್ನಿಷ್ ಹಂಗೇ ಇದೆ. ಡಬ್ಬಿಯಿಂದಾನೇ ತೆಗ್ದಿಲ್ಲ. ದಿನಾ ಓಡ್ತಿದೆ ಅಂತ ಸುಳ್ಳು ಹೇಳ್ದಾ ನನ್ಗೆ?"

ಇಷ್ಟು ದಿನ ಸಣ್ಣ ಸಣ್ಣ ಮಾತುಗಳಲ್ಲಿ ಮುಚ್ಚಿಟ್ಟದ್ದನ್ನು ಅವರು ಒಂದು ನೋಟದಲ್ಲಿ ಹಿಡಿದರು. ಇನ್ನು ಸಾಕು ಅನ್ನಿಸಿತು. ಎಲ್ಲ ಹೇಳಿಬಿಟ್ಟೆ. ಆ ಕೊಳೆ ಕೊಳೆಯಲ್ಲ ಅಪ್ಪ, ಪೇಂಟು. ದೊರೆ ನಾಲ್ಕು ವರ್ಷ ಕೂತು ಬರೆದದ್ದು. ಅವರ ತಾತನ ಕಡೆಯ ದಿನದ ಕೊಳೆ. ಅವರು ಮೊದಲ ದಿನವೇ ಹೇಳಿದ್ದರು, ನಾನು ನಿಮಗೆ ಹೇಳಲಿಲ್ಲ.

ಫೋನಿನಲ್ಲಿ ಅಪ್ಪ ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ.

"ಅಂದ್ರೆ ಒಬ್ಬ ಪೇಂಟರ್ ಕೆಲ್ಸಾನ ಇನ್ನೊಬ್ಬ ಪೇಂಟರ್ ಟರ್ಪೆಂಟೈನ್ ಹಾಕಿ ತೊಳ್ದ್ನಾ?" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಅಷ್ಟು ದೊಡ್ಡ ತಪ್ಪು ಮಾಡಿ, ಆಲ್‌ರೈಟ್ ಆಲ್‌ರೈಟ್ ಅಂತ ನಗ್ತಾ ನಿಂತಿದ್ನಲ್ಲಮ್ಮ. ಯಾಕ್ ಹೇಳ್ಲಿಲ್ಲ ನೀನು?"

ಅವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. ಪೇಂಟರ್ ಎನ್ನಲು ನಾಚಿ ಇನ್ಸ್‌ಪೆಕ್ಟರ್ ಎಂದಿದ್ದೆನಲ್ಲ, ಅದೇ ಬುದ್ಧಿ.

ದೊರೆ ನನ್ನ ಮುಖ ನೋಡಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಅಷ್ಟರಲ್ಲಿ ಅಪ್ಪನೇ ಕನ್ನಡಕ ತೆಗೆದು ಒರೆಸಿಕೊಂಡು, "ದೊರೆಗೆ ಒಂದ್ ಮಾತು ಹೇಳು. ಒಂದಕ್ಷರಾನೂ ಬಿಡ್ಬೇಡ" ಎಂದರು.

"ಹೇಳಿ ಅಪ್ಪ."

"ಮೂವತ್ನಾಲ್ಕು ವರ್ಷ ದಿನಾ ಕೊಳೆ ತೊಳ್ದೋನು ನಾನು. ಯಾವ್ದು ಮಸಿ, ಯಾವ್ದು ಬ್ರೇಕಿನ ಪುಡಿ, ಯಾವ್ದು ಜನಗಳ ಕೈ ಜಿಡ್ಡು, ಕಣ್ಮುಚ್ಚಿ ಹೇಳ್ತೀನಿ. ಅಂಥೋನು ನಾನೇ ಅದನ್ನ ನಿಜವಾದ್ ಕೊಳೆ ಅಂದ್ಕೊಂಡೆ. ಅಷ್ಟು ಚೆನ್ನಾಗಿ ಬರ್ದಿದ್ರು ಅಂತ ಹೇಳು."

ಒಂದಕ್ಷರ ಬಿಡದೆ ಹೇಳಿದೆ. ದೊರೆಯ ಭುಜ ಅಲುಗಾಡಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ನಕ್ಕು ನಕ್ಕು ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಈ ಜನ್ಮದಲ್ಲಿ ಸಿಗುವುದಿಲ್ಲ ಎಂದರು. ಮನೆಗೆ ಹೋಗಿ ಬಣ್ಣ, ಬ್ರಶ್ಶು ತಂದರು. ನನ್ನ ಊಟದ ಮೇಜಿನ ಮೇಲೆ ಫೋನ್ ಒರಗಿಸಿಟ್ಟು ಕೆಲಸ ಶುರುವಾಯಿತು. ಜೀವಮಾನವಿಡೀ ಕೊಳೆ ತೆಗೆದ ಮನುಷ್ಯ ಮೈಸೂರಿನಿಂದ ಕೊಳೆ ಎಲ್ಲಿ ಹಾಕಬೇಕೆಂದು ಹೇಳಿಕೊಡುತ್ತಿದ್ದರು.

"ಅಲ್ಲಲ್ಲ, ಬಾಗಿಲ ಹಿಡಿ ಮೇಲಲ್ಲ. ಹಿಡಿ ಜನ ಮುಟ್ಟಿ ಮುಟ್ಟಿ ಫಳಫಳ ಅಂತಿರತ್ತೆ. ಅದರ ಸುತ್ತ ಹಾಕಿ."

ದೊರೆ ಗೋಡೆಯಿಂದ ಕಿತ್ತು ತಂದಿದ್ದ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿ, ಹೌದು, ಹಾಗೇ ಇದೆ, ನಾಲ್ಕು ವರ್ಷದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ ಎಂದರು.

"ರಿಟರ್ನ್ ಡೇಟ್ ಮೇಲೆ ಮಾತ್ರ ಬೇಡ" ಎಂದರು ಅಪ್ಪ. ಹಳೇ ಡೇಟ್ ಅಳಿಸಿ ಹೊಸದನ್ನು ನನ್ನ ಕೈಯಲ್ಲೇ ಬರೆಸಿದರು, ಮತ್ತೆ ಹದಿನೆಂಟು ತಿಂಗಳು. ನನ್ನ ಏಳು ಒಂದರ ಹಾಗಿದೆ ಎಂದು ಬೈದರು. ಅವರ ನಡುಗುವ ಕೈ ಫೋನಿನ ಅಂಚಿನಲ್ಲಿ ಕಾಣುತ್ತಿತ್ತು.

ಎಲ್ಲ ಮುಗಿದು ಫೋನ್ ಇಡುವಾಗ ಅಪ್ಪನಿಗೆ ಏನೋ ಹೊಳೆಯಿತು. "ತಾಳು. ಹಾಗಾದ್ರೆ ಅವ್ರಿಗೆ ಆಗ ಜ್ವರ ಬಂದಿತ್ತಾ ಇಲ್ವಾ? ಕೇಳು. ನಿಜ ಹೇಳ್ಬೇಕು."

ನಾನು ಕೇಳಿದೆ. ಇನ್ನು ಮೇಲೆ ಒಂದಕ್ಷರವೂ ಆಚೀಚೆ ಮಾಡುವುದಿಲ್ಲ ಎಂದು ಅರ್ಧ ಗಂಟೆಯ ಹಿಂದಷ್ಟೇ ಮನಸ್ಸಿನಲ್ಲಿ ಪ್ರಮಾಣ ಮಾಡಿಕೊಂಡಿದ್ದೆ. ದೊರೆ ನನ್ನನ್ನು ನೋಡಿದರು, ಫೋನಿನಲ್ಲಿದ್ದ ಅಪ್ಪನನ್ನು ನೋಡಿದರು, ಬ್ರಶ್ಶನ್ನು ಕೆಳಗಿಟ್ಟು ಟೈ ಸರಿಮಾಡಿಕೊಂಡರು.

ಪ್ರಮಾಣ ಮಾಡಿದ್ದೆನಲ್ಲ, ಅವರು ಹೇಳಿದ್ದನ್ನು ಹೇಳಿದ ಹಾಗೇ ದಾಟಿಸಿದೆ: "ವಿಪರೀತ ಜ್ವರ ಇತ್ತಂತೆ ಅಪ್ಪ. ಆರನೇ ದಿನದ ಸಾರಿಗೆ ಬಿಡ್ತಂತೆ."

"ನಂಗೊತ್ತಿತ್ತು" ಎಂದರು ಅಪ್ಪ. "ಅವತ್ತು ಒಂದ್ ಹಿಡಿ ಮೆಣಸು ಜಾಸ್ತಿ ಹಾಕಿದ್ದೆ."